ಒಂದು ಋತು ಮುಂದಿರುವ ಕೆಸರು

ಸಮೋಸಾ ಅರವತ್ತು ಹೇಳಬೇಕೋ ಎಪ್ಪತ್ತೋ ಎಂಬ ಪ್ರಶ್ನೆಯನ್ನು ಹನುಮಂತ ಬೆಳಗಿನಿಂದ ಬೇಕೆಂದೇ ದೊಡ್ಡದು ಮಾಡಿಕೊಂಡಿದ್ದ. ಅದು ದೊಡ್ಡದಾದಷ್ಟೂ ಅದರ ಹಿಂದೆ ನಿಂತಿದ್ದ ಇನ್ನೊಂದು ಪ್ರಶ್ನೆ ಕಾಣುತ್ತಿರಲಿಲ್ಲ. ಮಧ್ಯಾಹ್ನ ಎರಡೂವರೆಗೆ ತನ್ವಿಯ ಪಿಎಚ್.ಡಿ. ಮೌಖಿಕ ಪರೀಕ್ಷೆ, ಬಾಗಿಲು ತೆರೆದಿಟ್ಟು ನಡೆಸುವ ಪರೀಕ್ಷೆ, ಯಾರು ಬೇಕಾದರೂ ಬಂದು ಕೂರಬಹುದು, ಕೊನೆಯಲ್ಲಿ ಯಾರು ಬೇಕಾದರೂ ಪ್ರಶ್ನೆ ಕೇಳಬಹುದು. ಪ್ರಶ್ನೆ ಕೇಳುವವರು ಬರುವುದಿಲ್ಲ, ಸಮೋಸಾ ತಿನ್ನುವವರು ಬರುತ್ತಾರೆ ಎಂಬುದು ಹೈದರಾಬಾದಿನ ಗಚ್ಚಿಬೌಲಿಯ ಆಚೆಗಿನ ಈ ಸಂಸ್ಥೆಯ ಪ್ರಯೋಗಾಲಯದಲ್ಲಿ ಸಹಾಯಕನಾಗಿ ಹದಿನಾಲ್ಕು ವರ್ಷ ಕೆಲಸ ಮಾಡಿದ ಅವನ ಅನುಭವ. ಹದಿನಾಲ್ಕು ವರ್ಷ ಎಂದರೂ ತಪ್ಪು. ಹನ್ನೊಂದು ತಿಂಗಳ ಕರಾರು ಮುಗಿದ ಮರುದಿನ ಅವನು ನೌಕರನಲ್ಲ. ಆ ಒಂದು ದಿನ ಗೇಟಿನವನು ಅವನನ್ನು ಸಂದರ್ಶಕರ ಪುಸ್ತಕದಲ್ಲಿ ಸಹಿ ಹಾಕಿಸಿ ಒಳಗೆ ಬಿಡುತ್ತಾನೆ, 'ಯಾರನ್ನು ಕಾಣಬೇಕು' ಎಂಬ ಕಾಲಮಿನಲ್ಲಿ ಹನುಮಂತ ಪ್ರತಿ ಸಲವೂ 'ಪ್ರೊ. ಅಮರೇಶಪ್ಪ' ಎಂದು ಬರೆಯುತ್ತಾನೆ, ಮರುದಿನದಿಂದ ಮತ್ತೆ ಹನ್ನೊಂದು ತಿಂಗಳು. ಈ ಸಲ ಹಾಗಾಗುವುದಿಲ್ಲವಂತೆ. ಕಾಯಂ ಮಾಡುವ ಫೈಲು ಮೇಲೆ ಹೋಗಿದೆ, ಶಿಫಾರಸಿನ ಪತ್ರದಲ್ಲಿ ಪ್ರೊಫೆಸರರು 'ಈತನ ಎಚ್ಚರದ ಕೆಲಸವಿಲ್ಲದಿದ್ದರೆ ನಮ್ಮ ಶೋಧ ಸಾಧ್ಯವಾಗುತ್ತಿರಲಿಲ್ಲ' ಎಂದು ಬರೆದಿದ್ದಾರೆ. ಆ ವಾಕ್ಯ ಅಕ್ಷರಶಃ ನಿಜ ಎಂಬುದನ್ನು ಬಲ್ಲವನು ತಾನೊಬ್ಬನೇ ಎಂದು ಹನುಮಂತ ಅಂದುಕೊಂಡಿದ್ದ. 'ಎಚ್ಚರ' ಎಂಬ ಒಂದು ಪದ ತೆಗೆದರೆ ಸಾಕಿತ್ತು.

ಎಪ್ಪತ್ತೇ ಹೇಳಿದ. ಕ್ಯಾಂಟೀನಿನವನು ತೆಲುಗಿನಲ್ಲಿ, ಚಟ್ನಿ ಬೇರೆ ಕಟ್ಟಬೇಕಾ ಅನ್ನಾ, ಎಂದು ಕೇಳಿದ್ದಕ್ಕೆ ಉತ್ತರ ಕೊಡದೆ ಬಂದುಬಿಟ್ಟಿದ್ದು ಮೆಟ್ಟಿಲು ಹತ್ತುವಾಗ ನೆನಪಾಯಿತು. ಮೇ ತಿಂಗಳ ಬಿಸಿಲು ಕಾರಿಡಾರಿನ ಗ್ರಾನೈಟಿನ ಮೇಲೆ ಬಿದ್ದು ನೀರಿನ ಹಾಗೆ ಹೊಳೆಯುತ್ತಿತ್ತು. ಮೂರು ವರ್ಷದ ಹಿಂದೆ ಇಂಥದೇ ಮೇ ತಿಂಗಳಲ್ಲಿ ಶಂಶಾಬಾದಿನ ದಾರಿಯ ಮಲ್ಲಮ್ಮ ಚೆರುವು ಎಂಬ ಕೆರೆಯಲ್ಲಿ ಮೊಣಕಾಲುದ್ದ ನೀರಲ್ಲಿ ನಿಂತು ಅವನೂ ತನ್ವಿಯೂ ತಳದ ಕೆಸರು ತೆಗೆಯುವ ಕೊಳವೆ ಇಳಿಸಿದ್ದರು. ತಲೆಯ ಮೇಲೆ ಐದು ನಿಮಿಷಕ್ಕೊಂದು ವಿಮಾನ, ಕಾಲಡಿಯಲ್ಲಿ ಕೊಳೆತ ಮೊಟ್ಟೆಯ ವಾಸನೆಯ ಕೆಸರು. ಬೇಸಿಗೆಯಲ್ಲಿ ನೀರು ಇಳಿದು, ಸುತ್ತಲ ಕಾಲೊನಿಗಳ ಚರಂಡಿ ಮಾತ್ರ ಉಳಿದು, ತಳದಲ್ಲಿ ಗಾಳಿ ಇಲ್ಲದೆ ಬದುಕಬಲ್ಲ ಬ್ಯಾಕ್ಟೀರಿಯಾಗಳು ರಾಜ್ಯಭಾರ ಮಾಡುತ್ತವೆ, ಮಳೆ ಬಂದು ಹೊಸ ನೀರು ಹೊಸ ಮಣ್ಣು ಸೇರಿದ ಮೇಲೆ ಅವು ಹಿಂದೆ ಸರಿದು ಬೇರೆಯವು ಮುಂದೆ ಬರುತ್ತವೆ ಎಂದು ತನ್ವಿ ಹೇಳಿಕೊಟ್ಟಿದ್ದಳು. ಅದಕ್ಕೇ ಬೇಸಿಗೆಯಲ್ಲೊಮ್ಮೆ, ಮಳೆಗಾಲ ಮುಗಿದು ಅಕ್ಟೋಬರಿನಲ್ಲೊಮ್ಮೆ ಕೆಸರು ತೆಗೆದು ನೋಡುವುದು. ಬಸುರಿ ಸೊಸೆಯ ಹಾಗೆ ಮೆಲ್ಲಗೆ ಹಿಡಿದುಕೊಂಡು ಬಂದಿದ್ದ ಅವನು ಆ ಕೊಳವೆಯನ್ನು, ಒಳಗಿನ ಪದರ ಕದಡದ ಹಾಗೆ. ಮೇ ತಿಂಗಳಿನವು ಹನ್ನೆರಡು ಟ್ಯೂಬು, ಅಕ್ಟೋಬರಿನವು ಹನ್ನೆರಡು. ಹೆಸರು ತನ್ವಿಯದೇ ಅಕ್ಷರದಲ್ಲಿ, ಗುಂಡಗೆ, ಶಾಲೆಯಲ್ಲಿ ಬಹುಮಾನ ಬಂದಂಥ ಅಕ್ಷರದಲ್ಲಿ.

ಆಮೇಲೆ ಆದದ್ದು ಇಷ್ಟೇ, ಇದಕ್ಕಿಂತ ಹೆಚ್ಚೇನೂ ಆಗಲಿಲ್ಲ ಎಂಬುದೇ ಅವನಿಗೆ ಸಹಿಸಲಾಗದ ಸಂಗತಿ. ಆ ನವೆಂಬರಿನಲ್ಲಿ ತನ್ವಿ ಯಾರದೋ ಮದುವೆಗೆಂದು ಮೈಸೂರಿಗೆ ಹೋಗಿದ್ದಳು. ಟ್ಯೂಬುಗಳನ್ನು ಪರೀಕ್ಷೆಗೆ ಕಳಿಸುವ ದಿನ. ಫೋನಿನಲ್ಲಿ ಅವನು, ನೀವು ಆರಾಮ ಊಟ ಮಾಡಿ ಬರ್ರಿ ಮೇಡಂ, ನಾ ಎಲ್ಲಾ ನೋಡ್ಕೋತೀನಿ, ಎಂದಿದ್ದ. ಫ್ರೀಜರಿನಿಂದ ತೆಗೆದ ಟ್ಯೂಬುಗಳ ಮೇಲೆ ಬಿಳಿ ಹಿಮ ಕೂತಿತ್ತು. ಅಮರೇಶಪ್ಪನವರಿಗೆ ಎಲ್ಲ ಸ್ವಚ್ಛವಾಗಿರಬೇಕು. ಹನುಮಂತ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಒರೆಸಿದ. ಒರೆಸಿದ, ಹತ್ತಿ ನೀಲಿಯಾಯಿತು, ಚೆನ್ನಾಗಿ ಒರೆಸುತ್ತಿದ್ದೇನೆ ಎಂದು ಇನ್ನೂ ಒತ್ತಿ ಒರೆಸಿದ. ಮಾರ್ಕರ್ ಪೆನ್ನಿನ ಮೇಲೆ 'ಅಳಿಸಲಾಗದ್ದು' ಎಂದೇ ಬರೆದಿತ್ತು. ಇಪ್ಪತ್ತನಾಲ್ಕೂ ಬೋಳಾದ ಮೇಲೆ ಕೂಡ ಅವನು ಅಷ್ಟು ಹೆದರಲಿಲ್ಲ, ಏಕೆಂದರೆ ಎರಡು ಸ್ಟ್ಯಾಂಡು, ಎಡಗಡೆಯದು ಮೇ, ಬಲಗಡೆಯದು ಅಕ್ಟೋಬರ್, ಅದು ಅವನಿಗೆ ಗೊತ್ತಿತ್ತು. ಅಷ್ಟರಲ್ಲಿ ಪ್ರೊಫೆಸರರ ಕೋಣೆಯ ಗಂಟೆ ಬಾರಿಸಿತು, ನಾಲ್ಕು ಚಹಾ. ಚಹಾ ತಂದ. ಟ್ರೇ ಇಡಲು ಮೇಜಿನ ಮೇಲೆ ಜಾಗವಿರಲಿಲ್ಲ. ಎರಡೂ ಸ್ಟ್ಯಾಂಡುಗಳನ್ನು ಒಂದರ ಹಿಂದೊಂದು ಸರಿಸಿ ಟ್ರೇ ಇಟ್ಟು, ಲೋಟಗಳಿಗೆ ಬಗ್ಗಿಸಿ, ಕೊಟ್ಟು ಬಂದು, ಸ್ಟ್ಯಾಂಡುಗಳನ್ನು ಮತ್ತೆ ಅಕ್ಕಪಕ್ಕ ಎಳೆದುಕೊಂಡು, ಎಡಗಡೆಯವಕ್ಕೆ ಮೇ ಎಂದೂ ಬಲಗಡೆಯವಕ್ಕೆ ಅಕ್ಟೋಬರ್ ಎಂದೂ ತನ್ನ ಕೈಯಾರ ಬರೆದು ಕಳಿಸಿದ. ಮುಂದಿದ್ದದ್ದು ಎಡಗಡೆಯದೋ ಬಲಗಡೆಯದೋ ಎಂಬ ಅನುಮಾನ ಬಂದದ್ದು ಸಂಜೆ, ಬೇಗಂಪೇಟೆಯ ಬಸ್ಸಿನಲ್ಲಿ, ಕಂಡಕ್ಟರು ಟಿಕೀಟು ಎಂದು ಕೈ ಚಾಚಿದಾಗ. ಹೆಪ್ಪುಗಟ್ಟಿದ ಕೆಸರಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಎಲ್ಲವೂ ಒಂದೇ ಬೂದು. ನಾಳೆ ಹೇಳಿದರಾಯಿತು ಎಂದುಕೊಂಡ. ಮರುದಿನ ಅವನು ನೌಕರನಾಗಿರಲಿಲ್ಲ. ಆ ವರ್ಷದ ಹನ್ನೊಂದು ತಿಂಗಳು ಅಂದೇ ಮುಗಿದಿತ್ತು, ಮರುದಿನ ಗೇಟಿನಲ್ಲಿ ಸಂದರ್ಶಕರ ಪುಸ್ತಕ. ಸಂದರ್ಶಕನೊಬ್ಬ ಬಂದು, ಟ್ಯೂಬು ಅದಲುಬದಲಾಗಿದೆಯೇನೋ ಎಂದು ಹೇಳುವುದು ಹೇಗೆ?

ಫಲಿತಾಂಶ ಬಂದಾಗ ತನ್ವಿ ಎರಡು ದಿನ ಅಂಕಿಗಳನ್ನೇ ಮತ್ತೆ ಮತ್ತೆ ತಾಳೆ ನೋಡಿದಳು. ಬೇಸಿಗೆಯ ಕೆಸರಿನಲ್ಲಿ ಮಳೆಗಾಲದ ಬ್ಯಾಕ್ಟೀರಿಯಾ ಇದ್ದವು, ಮಳೆಗಾಲದ್ದರಲ್ಲಿ ಬೇಸಿಗೆಯವು. ಈಗ ಇವರೇ ಹೇಳುತ್ತಾರೆ, ಇದು ತಲೆಕೆಳಗಾಗಿದೆ ಎನ್ನುತ್ತಾರೆ, ತಾನು ಹೌದ್ರಿ ಎಂದರೆ ಮುಗಿಯಿತು ಎಂದು ಹನುಮಂತ ಕಾದ. ಮೂರನೆಯ ದಿನ ಅಮರೇಶಪ್ಪನವರು ಕೋಣೆಯಿಂದ ಹೊರಗೆ ಬಂದು, ಕನ್ನಡಕ ಹಣೆಗೇರಿಸಿ, ತಲೆಕೆಳಗಾಗಿಲ್ಲ, ಕೆಸರು ಒಂದು ಋತು ಮುಂದಿದೆ ಎಂದು ಘೋಷಿಸಿದರು. ಬೇಸಿಗೆಯಲ್ಲೇ ಅದು ಮಳೆಗೆ ತಯಾರಾಗುತ್ತದೆ, ಮಳೆಯಲ್ಲೇ ಬೇಸಿಗೆಗೆ. ಒಂದು ಪತ್ರಿಕೆಯಲ್ಲಿ ಲೇಖನ, ಇನ್ನೊಂದು ಪತ್ರಿಕೆಯಲ್ಲಿ ಲೇಖನ, ಆಮೇಲೆ ದಿನಪತ್ರಿಕೆಯವರು 'ಮಳೆ ಬರುವುದನ್ನು ಬಲ್ಲ ಹೈದರಾಬಾದಿನ ಕೆಸರು' ಎಂದು ಬರೆದು, ಅಮರೇಶಪ್ಪನವರು ಕೈಯಲ್ಲಿ ಬಾಟಲಿ ಹಿಡಿದ ಚಿತ್ರ ಹಾಕಿದರು. ಲೇಖನದ ಕೊನೆಯಲ್ಲಿ ಕೃತಜ್ಞತೆಯ ಸಾಲಿನಲ್ಲಿ ಹನುಮಂತನ ಹೆಸರೂ ಇತ್ತು. ಹೆಂಡತಿ ಕೋಕಿಲಾ ಆ ಹಾಳೆಯನ್ನು ಪ್ಲಾಸ್ಟಿಕ್ ಹೊದಿಸಿ ದೇವರ ಫೋಟೋಗಳ ಸಾಲಿನಲ್ಲಿ, ಸರಿಯಾಗಿ ಅವನು ಊಟಕ್ಕೆ ಕೂರುವ ಕಡೆಗೆ ಮುಖಮಾಡಿ ಇಟ್ಟಳು. ತಿನ್ನುವ ಪ್ರತಿ ತುತ್ತಿಗೂ ಅದು ಸಾಕ್ಷಿ. ಹಾಗೆ ನೋಡಿದರೆ ತಾನು ತಪ್ಪು ಮಾಡಿರಲೂ ಇಲ್ಲವೇನೋ. ಸ್ಟ್ಯಾಂಡುಗಳು ಸರಿಯಾಗೇ ಇದ್ದು, ಕೆಸರು ನಿಜವಾಗಿಯೂ ಒಂದು ಋತು ಮುಂದಿದ್ದರೆ? ಅರ್ಧಕ್ಕೆ ಅರ್ಧ ಸಾಧ್ಯತೆ. ಎರಡೂವರೆ ವರ್ಷ ಅವನು ಬದುಕಿದ್ದು ಆ ಅರ್ಧದಲ್ಲಿ.

ತಿಳಿದುಕೊಳ್ಳುವ ದಾರಿ ಇರಲಿಲ್ಲವೆಂದಲ್ಲ. ಕೆಸರು ತೆಗೆದ ಅದೇ ವರ್ಷ ಸೆಪ್ಟೆಂಬರಿನಲ್ಲಿ ಕೆರೆಯ ದಂಡೆಯ ಹೊಸ ಅಪಾರ್ಟ್‌ಮೆಂಟುಗಳವರು ಸೇರಿ ಕ್ರೇನು ತರಿಸಿ, ಮಲ್ಲಮ್ಮ ಚೆರುವಿನಲ್ಲಿ ಮೊಟ್ಟಮೊದಲ ಸಲ ಗಣಪತಿಗಳನ್ನು ಮುಳುಗಿಸಿದ್ದರು. ಅಕ್ಟೋಬರಿನ ಕೊಳವೆ ಮೇಲೆತ್ತಿದಾಗ ಕೆಸರಿನ ಮೇಲ್ಪದರ ಮಿರಮಿರ ಮಿಂಚುತ್ತಿತ್ತು; ಕಿರೀಟಗಳಿಗೆ ಅಂಟಿಸಿದ್ದ ಚಮಕಿ, ಬಂಗಾರದ ಬಣ್ಣದ್ದು, ಸಾಸಿವೆಗಿಂತ ಸಣ್ಣದು. ಅವನ ಕೈಗೆಲ್ಲ ಮೆತ್ತಿಕೊಂಡು ಮೂರು ದಿನ ಹೋಗಲಿಲ್ಲ. ಯಾವ ನಾಟಕ ಕಂಪನಿ ಸೇರೀರಿ, ಪಾತ್ರ ಯಾವುದು, ರಾಣೀದೇನು, ಎಂದು ಕೋಕಿಲಾ ನಕ್ಕಿದ್ದಳು. ಅದಕ್ಕೂ ಮೊದಲಿನ ಮೇ ತಿಂಗಳ ಕೆಸರಿನಲ್ಲಿ ಚಮಕಿ ಇರುವುದು ಸಾಧ್ಯವೇ ಇಲ್ಲ. ಪರೀಕ್ಷೆಯಾಗಿ ವಾಪಸ್ ಬಂದ ಟ್ಯೂಬುಗಳಲ್ಲಿ ಮಿಕ್ಕ ಕೆಸರು ಹಾಗೇ ಇದೆ, ಫ್ರೀಜರು ಅವನ ಕುರ್ಚಿಯಿಂದ ಒಂಬತ್ತು ಹೆಜ್ಜೆ, ಸೂಕ್ಷ್ಮದರ್ಶಕ ಏಳು. ಒಂದು ಹನಿ ಸಾಕು. ಎರಡೂವರೆ ವರ್ಷ ದಿನಾ ಫ್ರೀಜರಿನ ಬಾಗಿಲು ತೆಗೆದು ಮುಚ್ಚಿದ್ದಾನೆ. ಧೂಳು ಒರೆಸಲು ಸೂಕ್ಷ್ಮದರ್ಶಕದ ಮುಸುಕು ತೆಗೆದು ಹಾಕಿದ್ದಾನೆ. ಹದಿನಾರು ಹೆಜ್ಜೆಯನ್ನು ಒಟ್ಟಿಗೆ ಮಾತ್ರ ನಡೆಯಲಿಲ್ಲ.

ಇವತ್ತು ಮುಂಜಾನೆ ಎಂಟಕ್ಕೆ, ಯಾರೂ ಬರುವ ಮೊದಲು, ನಡೆದ. ಏಕೆ ಇವತ್ತು ಎಂದು ಕೇಳಿದರೆ ಅವನಿಗೂ ಗೊತ್ತಿಲ್ಲ. ಬಹುಶಃ, ಚಮಕಿ ಇಲ್ಲದಿದ್ದರೆ ಮಧ್ಯಾಹ್ನ ಸಭೆಯಲ್ಲಿ ಎಲ್ಲರ ಜೊತೆ ತಾನೂ ನೆಮ್ಮದಿಯಿಂದ ಚಪ್ಪಾಳೆ ಹೊಡೆಯಬಹುದು ಎಂಬ ಆಸೆ. ಮೇ ಎಂದು ತನ್ನ ಓರೆ ಅಕ್ಷರದಲ್ಲಿ ಬರೆದಿದ್ದ ಟ್ಯೂಬು ಕೈಬಿಸಿಗೆ ಕರಗಿತು. ಒಂದು ಹನಿ ಗಾಜಿನ ಮೇಲೆ. ದೀಪ ಹಾಕಿ, ಕಣ್ಣಿಟ್ಟು, ತಿರುಪು ತಿರುಗಿಸಿದ. ಮೊದಲು ಮಂಜು, ಆಮೇಲೆ ಮರಳಿನ ಕಣಗಳು, ಯಾವುದೋ ಪಾಚಿಯ ಎಲುಬು, ಮತ್ತೆ ನಡುವೆ, ಯಾರೋ ಜೋಪಾನವಾಗಿ ಕತ್ತರಿಸಿ ಇಟ್ಟಂತೆ ಆರು ಮೂಲೆಯ ಒಂದು ಬಂಗಾರದ ತುಣುಕು. ಗಾಜು ಸರಿಸಿದ. ಇನ್ನೊಂದು. ಎಷ್ಟು ಚೆಂದವಿತ್ತೆಂದರೆ ಅರೆಗಳಿಗೆ ಅವನಿಗೆ ಖುಷಿಯೇ ಆಯಿತು, ಕಳೆದದ್ದು ಸಿಕ್ಕ ಖುಷಿ. ಅಕ್ಟೋಬರ್ ಎಂಬ ಟ್ಯೂಬಿನಿಂದ ಮೂರು ಹನಿ ನೋಡಿದ, ಇನ್ನೂ ಮೂರು ನೋಡಿದ, ಕಪ್ಪು ಬಿಟ್ಟು ಏನೂ ಇರಲಿಲ್ಲ. ಕರಗಿದ ಮೇಲೆ ವಾಸನೆಯೂ ಬಂತು, ಮೇ ತಿಂಗಳ ಅದೇ ಕೊಳೆತ ಮೊಟ್ಟೆ. ಮೇ ಎಂದು ಬರೆದಿದ್ದರ ಗಾಜನ್ನೇ ಮತ್ತೆ ಇಟ್ಟು ನೋಡಿದ, ಬಂಗಾರ ಅಲ್ಲೇ ಇತ್ತು. ಕೆರೆ ಒಂದು ದಿನವೂ ತನ್ನ ಕ್ರಮ ತಪ್ಪಿರಲಿಲ್ಲ. ಬೇಸಿಗೆಯಲ್ಲಿ ಬೇಸಿಗೆಯದ್ದನ್ನೇ ಮಾಡಿತ್ತು, ಮಳೆಯಲ್ಲಿ ಮಳೆಯದ್ದು, ಬಡಪಾಯಿ ಕೆರೆ. ಅದರ ಬಾಯಲ್ಲಿ ಸುಳ್ಳು ಹಾಕಿದವನು ತಾನು. ಆಮೇಲೆ ಕುರ್ಚಿಯಲ್ಲಿ ಕೂತು, ಸಮೋಸಾ ಎಷ್ಟು ಹೇಳಬೇಕು ಎಂದು ಯೋಚಿಸತೊಡಗಿದ.

ಹತ್ತೂವರೆಗೆ ಪ್ರೊಫೆಸರರ ಕೋಣೆಗೆ ಹೋದ. ಅಮರೇಶಪ್ಪನವರು ಕನ್ನಡಿಯಿಲ್ಲದೆ, ಬೀರುವಿನ ಗಾಜಿನಲ್ಲಿ ನೋಡಿಕೊಂಡು ಟೈ ಕಟ್ಟುತ್ತಿದ್ದರು. ಸಿಂಧನೂರಿನವರು, ನಲವತ್ತು ವರ್ಷವಾದರೂ ಟೈ ಅವರ ಕುತ್ತಿಗೆಗೆ ಒಗ್ಗಿರಲಿಲ್ಲ.

"ಏನಪಾ ಹಣಮಂತ, ಮಾರಿ ಯಾಕ ಹಿಂಗ ಮಾಡಿ? ಪರೀಕ್ಷಾ ಆಕಿದೋ ನಿಂದೋ?"

"ಸರ್, ಒಂದ್ ಮಾತು ಹೇಳಬೇಕಾಗಿತ್ರಿ."

"ಗೊತ್ತೈತಿ ತಗೊ. ಫೈಲಿನ ಮಾತಲಾ?"

"ಅದಲ್ರಿ ಸರ್, ಟ್ಯೂಬಿಂದು…"

"ಟ್ಯೂಬು ಇರ್ಲೋ. ಟ್ಯೂಬಿನ ಚಿಂತಿ ಮಾಡಿ ಮಾಡಿ ಕೂದಲಾ ಬೆಳ್ಳಗ ಮಾಡ್ಕೊಂಡಿ. ಫೈಲ್ ಸೋಮವಾರ ಸಹಿ ಆಗ್ತೈತಿ, ನಾ ಖುದ್ದ ನಿಂತ ಮಾಡಸ್ತೀನಿ. ಹೊರಗಿನ ಪರೀಕ್ಷಕರು ಬಂದಾರ, ಪುಣೆದವರು, ಭಾಳ ಖಡಕ್ ಮನಷ್ಯಾ. ಅವರಿಗೆ ಸಕ್ಕರಿ ಇಲ್ಲದ ಚಾ. ಮರೀಬ್ಯಾಡ. ಬಾ ಇಲ್ಲಿ, ಈ ಗಂಟು ಒಂಚೂರು ಹಿಡಿ."

ಹನುಮಂತ ಗಂಟು ಹಿಡಿದ. ಗುರುವಿನ ಕೊರಳು ಅವನ ಎರಡು ಬೆರಳ ನಡುವೆ ಬೆಚ್ಚಗೆ ಮಿಡಿಯುತ್ತಿತ್ತು. ಆ ಹತ್ತಿರದಲ್ಲಿ ಏನೂ ಹೇಳಲಾಗದು ಎನ್ನಿಸಿತು. ಅಷ್ಟು ಹತ್ತಿರದಿಂದ ಹೇಳಿದರೆ ಅದು ಕೊರಳು ಹಿಸುಕಿದ ಹಾಗೆ. ಎರಡು ಹೆಜ್ಜೆ ಹಿಂದೆ ಸರಿದ ಮೇಲೆ ಹೇಳೋಣ ಎಂದು ಸರಿದ. ಸರಿದ ಮೇಲೆ ಫೋನು ಬಂತು, ಅಮರೇಶಪ್ಪನವರು ಇಂಗ್ಲಿಷಿನಲ್ಲಿ ನಗತೊಡಗಿದರು.

ತನ್ವಿಗೇ ಹೇಳಬೇಕು, ಅವಳದೇ ಐದು ವರ್ಷ, ಅವಳೇ ನಿರ್ಧರಿಸಲಿ ಎಂದು ಕಾರಿಡಾರಿಗೆ ಬಂದ. ಅವಳು ತಾಯಿಯ ರೇಷ್ಮೆ ಸೀರೆ ಉಟ್ಟು, ಲ್ಯಾಪ್‌ಟಾಪನ್ನು ಮಗುವಿನ ಹಾಗೆ ಎದೆಗೊತ್ತಿಕೊಂಡು, ಗೋಡೆಗೆ ಮುಖ ಮಾಡಿ ತುಟಿ ಅಲ್ಲಾಡಿಸುತ್ತಿದ್ದಳು. ಅವನ ಹೆಜ್ಜೆ ಕೇಳಿ ತಿರುಗಿದವಳು, ಅವನು ಬಾಯಿ ತೆರೆಯುವ ಮೊದಲೇ ಕೈ ಎತ್ತಿದಳು. "ಅಣ್ಣ, ಈಗ ಏನೂ ಹೇಳ್ಬೇಡಿ. ಏನೇ ಇದ್ರೂ. ಪರೀಕ್ಷೆ ಮುಗೀಲಿ." ಎಷ್ಟು ಚುರುಕಾಗಿ ಹೇಳಿದಳೆಂದರೆ ಅವನಿಗೆ ಕೆನ್ನೆಗೆ ತಟ್ಟಿಸಿಕೊಂಡಂತಾಯಿತು, ಆಮೇಲೆ ಪಾಪ, ಪರೀಕ್ಷೆಯ ಗಾಬರಿ ಎಂದುಕೊಂಡ. ಮೈಸೂರಿನಿಂದ ಬಂದಿದ್ದ ಅವಳ ತಾಯಿ ಅಹಲ್ಯಾ ಮೆಟ್ಟಿಲ ಬಳಿಯೇ ಅವನನ್ನು ಹಿಡಿದರು. ಕೈಯಲ್ಲೊಂದು ಸ್ಟೀಲು ತಟ್ಟೆ, ಅದರಲ್ಲಿ ಎಲೆ ಅಡಿಕೆ, ಬಾಳೆಹಣ್ಣು, ಒಂದು ಷರ್ಟ್ ಪೀಸು, ಒಂದು ರವಿಕೆ ಕಣ.

"ಹನುಮಂತು ಅವ್ರೆ ಅಲ್ವಾ? ನಿಮ್ಮ ಹೆಸರು ಕೇಳ್ದೆ ಇರೋ ದಿನ ಇಲ್ಲ ನಮ್ಮನೇಲಿ. ಕೆರೇಲಿ ಜಾರಿಬಿದ್ದಾಗ ಎಳ್ಕೊಂಡ್ರಂತೆ. ಮಗಳನ್ನ ಇಷ್ಟು ದೂರ ಬಿಟ್ಟು ನಾನು ನಿದ್ದೆ ಮಾಡಿದ್ದು ನಿಮ್ಮಿಂದ ಕಣ್ರೀ. ತಗೊಳ್ಳಿ, ಬೇಡ ಅನ್ಬೇಡಿ."

"ಆಮ್ಯಾಲೆ ತಗೋತೀನ್ರಿ ಅಮ್ಮಾರ. ಮುಗೀಲಿ."

"ಮುಗಿದ ಮೇಲೆ ಕೊಟ್ರೆ ಲಂಚ ಅಲ್ಲ, ಮೊದ್ಲು ಕೊಟ್ರೆ ಲಂಚ, ಅಲ್ವಾ?" ಎಂದು ಅವರು ತಮ್ಮ ಮಾತಿಗೆ ತಾವೇ ನಕ್ಕರು. ಹನುಮಂತನೂ ನಕ್ಕ. ತಟ್ಟೆಯ ಮೇಲಿನ ಬಟ್ಟೆ ಕೆಸರಿನ ಬಣ್ಣದ್ದೇ ಇತ್ತು, ಅಥವಾ ಅವನಿಗೆ ಹಾಗೆ ಕಂಡಿತು.

ಸಭಾಂಗಣದಲ್ಲಿ ಎಸಿ ಗಕ್ಕನೆ ತಣ್ಣಗಿತ್ತು. ಹಿಂದಿನ ಬಾಗಿಲ ಬಳಿ, ಮುಚ್ಚಿದ ಸಮೋಸಾ ಬುಟ್ಟಿಗಳ ಪಕ್ಕ, ಹನುಮಂತ ಟ್ರೇ ಹಿಡಿದು ನಿಂತ. ತನ್ವಿ ಚೆನ್ನಾಗಿ ಮಾತಾಡಿದಳು. ಪರದೆಯ ಮೇಲೆ ಬಣ್ಣಬಣ್ಣದ ಕಂಬಗಳು ಏರಿ ಇಳಿದವು. ಬೇಸಿಗೆ ಎಂಬ ಹೆಸರಿನಡಿ ಮಳೆ, ಮಳೆ ಎಂಬ ಹೆಸರಿನಡಿ ಬೇಸಿಗೆ. ಪುಣೆಯ ಪರೀಕ್ಷಕರು ಏನೇನೋ ಕೇಳಿದರು, ಖಡಕ್ಕಾಗಿಯೇ ಕೇಳಿದರು, ಅಂಕಿಸಂಖ್ಯೆಯ ವಿಧಾನ ಕೇಳಿದರು, ಉಲ್ಲೇಖಗಳ ಕ್ರಮ ಕೇಳಿದರು, ಒಂದು ಅಲ್ಪವಿರಾಮದ ಬಗ್ಗೆ ಕೂಡ ಕೇಳಿದರು. ಈಗ ಕೇಳುತ್ತಾರೆ, ಈಗ ಕೇಳುತ್ತಾರೆ ಎಂದು ಹನುಮಂತನ ಟ್ರೇಯಲ್ಲಿ ಲೋಟಗಳು ಕಿಣಿಕಿಣಿ ಎನ್ನುತ್ತಿದ್ದವು. ಟ್ಯೂಬಿನ ಮೇಲೆ ಹೆಸರು ಬರೆದವರು ಯಾರು ಎಂದು ಲೋಕದಲ್ಲಿ ಯಾರೂ ಕೇಳುವುದಿಲ್ಲ. ಅಧ್ಯಕ್ಷತೆ ವಹಿಸಿದ್ದ ಹೆಂಗಸು ಗಡಿಯಾರ ನೋಡಿ, ಪದ್ಧತಿಯಂತೆ, ಸಭೆಯಲ್ಲಿ ಯಾರದಾದರೂ ಪ್ರಶ್ನೆ ಇದೆಯೇ ಎಂದರು. ಪದ್ಧತಿಯಂತೆ ಯಾರೂ ಅಲ್ಲಾಡಲಿಲ್ಲ. ಆದರೆ ಒಂದು ಕೈ ಮೇಲೆದ್ದಿತ್ತು. ಅದು ತನ್ನದು ಎಂದು ಹನುಮಂತನಿಗೆ ಗೊತ್ತಾದದ್ದು ಟ್ರೇ ಒಂದು ಕಡೆ ವಾಲಿದಾಗ.

"ಆಂ, ಟೀ ತೀಸ್ಕುರಾ," ಎಂದು ತೆಲುಗಿನಲ್ಲಿ ಹೇಳಿದರು ಅಧ್ಯಕ್ಷೆ, ಚಹಾ ತರಲು ಅಪ್ಪಣೆ ಕೇಳುತ್ತಿದ್ದಾನೆ ಎಂದುಕೊಂಡು. ಸಭೆ ನಕ್ಕಿತು. ಅಮರೇಶಪ್ಪನವರೂ ಟೈ ಸಡಿಲಿಸಿಕೊಂಡು ನಕ್ಕರು.

ಟ್ರೇಯನ್ನು ಬುಟ್ಟಿಯ ಮೇಲಿಟ್ಟ. ಹೇಳಬೇಕೆಂದಿದ್ದದ್ದು ಇಷ್ಟು: ಹೆಸರು ಅಳಿಸಿದವನು ನಾನು, ತಪ್ಪು ಬರೆದವನು ನಾನು, ಈ ಹುಡುಗಿಯದೇನೂ ಇಲ್ಲ. ಆದರೆ ಕೇಳಿದ್ದು ಪ್ರಶ್ನೆ ಇದೆಯೇ ಎಂದು. ಎಲ್ಲರೂ ತಿರುಗಿ ನೋಡುತ್ತಿದ್ದಾಗ, ಪ್ರಶ್ನೆ ಎಂದರೆ ಪ್ರಶ್ನೆಯನ್ನೇ ಕೇಳಬೇಕು, ಇಲ್ಲದಿದ್ದರೆ ನಿಯಮ ಮುರಿದಂತೆ ಎಂಬ ಹದಿನಾಲ್ಕು ವರ್ಷದ ಅಭ್ಯಾಸ ಅವನ ನಾಲಗೆ ಹಿಡಿಯಿತು. ಕನ್ನಡದಲ್ಲಿ ಹುಟ್ಟಿದ್ದು ಹಿಂದಿಯಲ್ಲಿ ಹೊರಬಂತು. ಮೇಡಂ, ಮೇ ತಿಂಗಳ ಕೆಸರಿನಲ್ಲಿ ಗಣಪತಿಯ ಚಮಕಿ ಹೇಗೆ ಬಂತು? ಗಣಪತಿ ಮುಳುಗಿದ್ದು ಸೆಪ್ಟೆಂಬರಿನಲ್ಲಿ.

ನಗು ನಿಂತಿತು. ಪುಣೆಯವರು ಪೆನ್ನಿನ ಮುಚ್ಚಳ ಮತ್ತೆ ತೆಗೆದರು. ಹನುಮಂತ ತನ್ವಿಯ ಮುಖವನ್ನೇ ನೋಡುತ್ತಿದ್ದ. ಆ ಮುಖ ಬಿಳಿಚಿಕೊಳ್ಳುವುದನ್ನು, ಒಡೆಯುವುದನ್ನು, ಅಯ್ಯೋ ಎನ್ನುವುದನ್ನು ನೋಡಲು ಮನಸ್ಸು ಗಟ್ಟಿಮಾಡಿಕೊಂಡಿದ್ದ, ಏನೂ ಆಗಲಿಲ್ಲ. ಬಸ್ಸು ಕೊನೆಗೂ ಬಂದಾಗ ನಿಲ್ದಾಣದಲ್ಲಿ ನಿಂತವರ ಮುಖದಲ್ಲಿ ಕಾಣುವಂಥ ದಣಿವು ಮಾತ್ರ ಒಂದು ಕ್ಷಣ ಸುಳಿಯಿತು. ಬಹಳ ಒಳ್ಳೆಯ ಪ್ರಶ್ನೆ, ಎಂದಳು ಇಂಗ್ಲಿಷಿನಲ್ಲಿ. ವಂದನೆಗಳು ಎಂಬ ಕೊನೆಯ ಚಿತ್ರವನ್ನೂ ದಾಟಿ ಗುಂಡಿ ಒತ್ತಿದಳು. ಅದರಾಚೆಗೆ ಇನ್ನೂ ಒಂದು ಚಿತ್ರವಿತ್ತು. ಪರದೆಯ ತುಂಬ, ಆಳೆತ್ತರಕ್ಕೆ, ಆರು ಮೂಲೆಯ ಬಂಗಾರದ ತುಣುಕು. ಕೆಳಗೆ ಅಳತೆಯ ಗೆರೆ, ಪಕ್ಕದಲ್ಲಿ ಬಾಣದ ಗುರುತು. ಮೇ ತಿಂಗಳು ಮದುವೆಗಳ ಕಾಲ, ಕೆರೆಯ ದಂಡೆಯಲ್ಲಿ ಮೂರು ಫಂಕ್ಷನ್ ಹಾಲುಗಳಿವೆ, ಅಲಂಕಾರದ ಚಮಕಿ ಗಾಳಿಗೆ ಹಾರಿ ಬಂದು ನೀರಿಗೆ ಬಿದ್ದು ತಳ ಸೇರುತ್ತದೆ, ಬ್ಯಾಕ್ಟೀರಿಯಾಗಳ ಮೇಲೆ ಇದರ ಪರಿಣಾಮ ನಗಣ್ಯ ಎಂದು ವಿವರಿಸಿದಳು. ಒಂದು ಗುಟುಕು ನೀರು ಕುಡಿಯುವಷ್ಟು ಹೊತ್ತೂ ಆಗಲಿಲ್ಲ. ಪುಣೆಯವರು ತಲೆದೂಗಿ, ಹಿಂದೆ ತಿರುಗಿ, ನಿಮ್ಮಲ್ಲಿ ಚಹಾ ತರುವವರೂ ಇಂಥ ಪ್ರಶ್ನೆ ಕೇಳುತ್ತಾರಾ ಎಂದರು ಅಮರೇಶಪ್ಪನವರಿಗೆ. ಅವರು ಎದೆಯುಬ್ಬಿಸಿ, ನಮ್ಮ ಹಣಮಂತ, ಸರ್, ಎಂದರು. ಯಾರೋ ಚಪ್ಪಾಳೆ ಶುರುಮಾಡಿದರು. ಅದು ತನ್ವಿಗೋ ತನಗೋ ತಿಳಿಯದೆ ಹನುಮಂತನೂ ಎರಡು ಸಲ ಹೊಡೆದ. ಚಪ್ಪಾಳೆಯೊಳಗೆ ಅವನು, ಹೆಸರು ಬರೆದಾಂವ ನಾನ್ರಿ, ಎಂದದ್ದೂ ಉಂಟು. ಪಕ್ಕದಲ್ಲಿದ್ದ ಸಮೋಸಾ ಬುಟ್ಟಿಗೆ ಕೇಳಿಸಿರಬಹುದು.

ವರದಿಗೆ ಸಹಿಯಾಯಿತು. ಡಾಕ್ಟರ್ ತನ್ವಿ ಎಂದು ಎಲ್ಲರೂ ಕರೆದು ಕರೆದು ನಕ್ಕರು. ಸಕ್ಕರೆ ಇಲ್ಲದ ಲೋಟವನ್ನು ಪುಣೆಯವರಿಗೆ ಕೊಟ್ಟು, ಸಾಲು ಮುಗಿಸಿ, ಕೊನೆಯ ಲೋಟ ಉಳಿದಾಗ ಅವಳೆದುರು ನಿಂತ. ಅವಳು ಲೋಟ ತೆಗೆದುಕೊಂಡಳು. ಸುತ್ತ ಜನರಿದ್ದರೂ ಯಾರೂ ಇಲ್ಲದಷ್ಟು ಗದ್ದಲವಿತ್ತು.

"ಯಾವಾಗ ನೋಡಿದ್ರಿ ಅಣ್ಣ?"

"ಇವತ್ತ ಮುಂಜಾನೆ."

"ನಾನು ನೋಡಿ ಎರಡು ವರ್ಷ ಆಯ್ತು." ಚಹಾದ ಕೆನೆಯನ್ನು ಊದಿ ಪಕ್ಕಕ್ಕೆ ಸರಿಸಿದಳು. "ಟ್ಯೂಬು ವಾಪಸ್ ಬಂದಾಗ ಅಕ್ಷರ ನಿಮ್ಮದಿತ್ತು. ನನಗೆ ನನ್ನ ಅಕ್ಷರ ಗೊತ್ತಿಲ್ವಾ?"

"ಮತ್ತ ಆವತ್ತ ಹೇಳಬೇಕಿಲ್ರಿ ಮೇಡಂ? ನನ್ನ ಕರೆದು ಎರಡು ಬೈದಿದ್ರ ಆಗ್ತಿತ್ತು."

"ಹೇಳಿದ್ರೆ ನಿಮ್ಮ ಹನ್ನೊಂದು ತಿಂಗಳು ಯಾರು ಮುಂದುವರಿಸ್ತಿದ್ರು? ನಿಮಗೋಸ್ಕರ ಸುಮ್ಮನಿದ್ದೆ ಅಣ್ಣ." ಕಣ್ಣಲ್ಲಿ ನೀರಿತ್ತು, ನಿಜವಾದ ನೀರು. "ದೇವರಾಣೆಗೂ ನಿಮಗೋಸ್ಕರ."

ಅವನು ಖಾಲಿ ಟ್ರೇ ಹಿಡಿದು ನಿಂತೇ ಇದ್ದ. ಹುಡುಗಿಯ ಐದು ವರ್ಷ ಹಾಳಾಗಬಾರದು, ಅವಳಿಗೋಸ್ಕರ ಸುಮ್ಮನಿದ್ದೇನೆ ಎಂದು ಬೇಗಂಪೇಟೆಯ ಬಸ್ಸಿನಲ್ಲಿ ಎರಡೂವರೆ ವರ್ಷ ತಾನು ಹೇಳಿಕೊಂಡ ವಾಕ್ಯವನ್ನು ಯಾರೋ ತನ್ನ ಜೇಬಿನಿಂದ ತೆಗೆದು, ಇಸ್ತ್ರಿ ಮಾಡಿ, ತನಗೇ ಉಡುಗೊರೆ ಕೊಟ್ಟ ಹಾಗಿತ್ತು. ಅವಳು ಹೇಳಿದ್ದು ಸುಳ್ಳಿರಲಾರದು. ತಾನು ಹೇಳಿಕೊಂಡದ್ದೂ ಸುಳ್ಳಿರಲಿಲ್ಲವಲ್ಲ. ಅಷ್ಟರಲ್ಲಿ ಅಹಲ್ಯಾ ಬಂದು ತಟ್ಟೆಯನ್ನು ಟ್ರೇಯ ಮೇಲೇ ಇಟ್ಟರು. ಈಗ ಬೇಡ ಎನ್ನಲು ಅವನ ಬಳಿ ಕಾರಣವಿರಲಿಲ್ಲ.

ಪ್ರಯೋಗಾಲಯಕ್ಕೆ ಹಿಂತಿರುಗಿದಾಗ ಸೂಕ್ಷ್ಮದರ್ಶಕದ ದೀಪ ಮುಂಜಾನೆಯಿಂದ ಹಾಗೇ ಉರಿಯುತ್ತಿತ್ತು. ಹನಿ ಒಣಗಿ ಗಾಜಿನ ಮೇಲೆ ಬೂದು ಕಲೆಯಾಗಿತ್ತು. ಆರಿಸಲು ಕೈ ಚಾಚಿದ, ಹಿಂದಿನಿಂದ ಅಮರೇಶಪ್ಪನವರು ಬಂದರು. ಟೈ ಕಿಸೆಯಲ್ಲಿತ್ತು, ಕೈಯಲ್ಲಿ ಹೊಸ ಟ್ಯೂಬುಗಳ ಪೆಟ್ಟಿಗೆ.

"ಭಾಳ ಛಲೋ ಮಾಡಿದಿ ಇವತ್ತ. ಅಂಥಾ ಪ್ರಶ್ನೆ ಕೇಳಿದ್ದಕ್ಕ ಆಕಿ ಗಟ್ಟಿ ಆದ್ಲು. ಕೇಳಿಲ್ಲಾಂದ್ರ ಅದೊಂದು ಚಿತ್ರ ಹಂಗ ಉಳದು ಹೋಗ್ತಿತ್ತು." ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟರು. "ಯೋಜನಾ ಮತ್ತ ಮೂರು ವರ್ಷ ಮುಂದುವರದೈತಿ. ನಾಳೆ ಮುಂಜಾನೆ ಕೆರೀಗೆ ಹೋಗಬೇಕು, ಮೇ ತಿಂಗಳ ಕೆಸರು. ಈ ಸಲಾನೂ ಅದ ಫಲಿತಾಂಶ ಬರಬೇಕ ನೋಡು."

"ಬರಲಿಲ್ಲಾಂದ್ರ ಸರ್?"

ಅಮರೇಶಪ್ಪನವರು ಬಗ್ಗಿ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟರು. ಒಮ್ಮೆ ತಿರುಪು ತಿರುಗಿಸಿದರು. ಅವರು ನೆಟ್ಟಗಾಗಿ, ದೀಪವನ್ನು ತಾವೇ ಆರಿಸಿ, ಮುಸುಕು ಹಾಕಿ, ಅದರ ಅಂಚನ್ನು ಎಳೆದು ಸರಿಮಾಡಿದರು.

"ಹೆಸರು ನೀನ ಬರಿ," ಎಂದರು. "ಎಲ್ಲಾ ನೀನ ಬರಿ, ಮೇದೂ ಅಕ್ಟೋಬರದ್ದೂ. ನಿನ್ನ ಕೈಗುಣ ಛಲೋ ಐತಿ."

ಹೋದರು. ಹನುಮಂತ ಪೆಟ್ಟಿಗೆ ತೆರೆದ. ಮಾರ್ಕರನ್ನು ಮುಟ್ಟಲಿಲ್ಲ. ಡ್ರಾಯರಿನಲ್ಲಿ ಹುಡುಕಿ, ಯಾವತ್ತೋ ಮನೆಯಿಂದ ತಂದಿದ್ದ ಮಗಳ ಮೊಂಡು ಪೆನ್ಸಿಲು ತೆಗೆದು, ಚೂಪು ಮಾಡಿ, ಮೊದಲನೆಯ ಖಾಲಿ ಟ್ಯೂಬಿನ ಬಿಳಿ ಪಟ್ಟಿಯ ಮೇಲೆ ಮೇ ಎಂದು ಒತ್ತಿ ಬರೆದ. ಹತ್ತಿ ತೆಗೆದುಕೊಂಡು ಸ್ಪಿರಿಟ್ಟಿನಲ್ಲಿ ಅದ್ದಿ ಒರೆಸಿದ. ಹೋಗಲಿಲ್ಲ. ಇನ್ನೊಮ್ಮೆ ಅದ್ದಿ, ಉಗುರಿನಿಂದ ಒತ್ತಿ ಒರೆಸಿದ. ಹತ್ತಿ ಬೆಳ್ಳಗೇ ಇತ್ತು, ಅಕ್ಷರ ಹಾಗೇ ಇತ್ತು, ಓರೆಯಾಗಿ, ತನ್ನದೇ ಎಂದು ಯಾರು ಬೇಕಾದರೂ ಹೇಳಬಹುದಾದ ಹಾಗೆ. ಹೊಸ ಹತ್ತಿ ತೆಗೆದುಕೊಂಡ. ಹೊರಗೆ ಯಾರೋ, ಸಮೋಸಾ ಇನ್ನೂ ಉಳಿದಿದೆ ಹನುಮಂತಣ್ಣ, ಏನು ಮಾಡೋದು, ಎಂದು ಕೂಗುತ್ತಿದ್ದರು. ಅವನು ಒರೆಸುತ್ತಲೇ ಇದ್ದ.